‘ಡಾಟಾ ಬೇಕಾ?’: ಮನೆ ಕಂಪ್ಯೂಟರಿನ ನಕಲು ಪ್ರತಿಗಳ ಚರಿತ್ರೆ

ಕೆಟ್ಟ ಕಂಪ್ಯೂಟರನ್ನು ಯಾರೇ ತಂದು ಟೇಬಲ್ ಮೇಲಿಟ್ಟರೂ ನಾನು ಕೇಳುವ ಮೊದಲ ಪ್ರಶ್ನೆ, ‘ಡಾಟಾ ಬೇಕಾ?’ ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ನಮ್ಮ ಸಾಗರದವರೆಗೆ ರಿಪೇರಿ ಕಸುಬಿನವರೆಲ್ಲ ಕೇಳುವುದು ಇದನ್ನೇ. ಬೇಡ ಎಂದರೆ ಫಾರ್ಮ್ಯಾಟ್ ಹೊಡೆದು, ವಿಂಡೋಸ್ ಹಾಕಿ, ಸಂಜೆಯೊಳಗೆ ಕೊಟ್ಟು ಕಳಿಸಬಹುದು. ಬೇಕು ಎಂದರೆ ಕೆಲಸವೇ ಬೇರೆ. ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಸಿಕ್ಕಿಸಬೇಕು, ಏನೇನು ಓದಲು ಬರುತ್ತದೆ ನೋಡಬೇಕು, ಬಂದಷ್ಟನ್ನು ಎತ್ತಿಟ್ಟುಕೊಳ್ಳಬೇಕು. ಆಮೇಲೆ ತಿರುಗಿ ಹಾಕಿ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಫೈಲ್ ತೆರೆದು ತೋರಿಸಬೇಕು.

ಹೀಗೆ ‘ಬೇಕು’ ಅಂದವರ ಫೈಲುಗಳ ನಡುವೆಯೇ ನನ್ನ ದುಡಿಮೆಯ ವರ್ಷಗಳು ಕಳೆದಿವೆ. ಅಡಿಕೆ ವ್ಯಾಪಾರದ ಲೆಕ್ಕ, ಯಕ್ಷಗಾನ ಪ್ರಸಂಗ, ಪಿಎಚ್.ಡಿ. ಪ್ರಬಂಧ, ಸಂಘದ ಸ್ಮರಣ ಸಂಚಿಕೆ, ಮಗಳ ಮದುವೆಯ ಫೋಟೊ, ತೀರಿಕೊಂಡ ತಂದೆಯ ದನಿ. ಇವುಗಳ ನಕಲು ಇಟ್ಟುಕೊಳ್ಳುವ ರೀತಿ ಫ್ಲಾಪಿಯ ಕಾಲದಿಂದ ಇವತ್ತಿನವರೆಗೆ ಹೇಗೆ ಬದಲಾಯಿತು ಎನ್ನುವುದಕ್ಕೂ ಒಂದು ಚರಿತ್ರೆ ಇದೆ. ಅದನ್ನು ಬರೆದಿಡಬೇಕು ಅನ್ನಿಸುವುದಕ್ಕೆ ಕಾರಣ ಇಷ್ಟೆ: ನಕಲು ಮಾಡುವುದು ವರ್ಷದಿಂದ ವರ್ಷಕ್ಕೆ ಸಲೀಸಾಗುತ್ತ ಬಂತು, ಆ ನಕಲಿನಿಂದ ವಾಪಸ್ ಪಡೆಯುವುದು ಮಾತ್ರ ಅಷ್ಟು ಸಲೀಸಾಗಲಿಲ್ಲ. ಕನ್ನಡದಲ್ಲಿ ಬರೆದಿಟ್ಟವರಿಗಂತೂ ಈ ದಾರಿಯಲ್ಲಿ ಒಂದು ಮೆಟ್ಟಿಲು ಹೆಚ್ಚಿಗೆ ಹತ್ತುವುದಿತ್ತು.

ಐಬಿಎಂ ಕಂಪನಿ 1981ರಲ್ಲಿ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಬರೆದದ್ದೆಲ್ಲ ಫ್ಲಾಪಿಯಲ್ಲೇ ಇರುತ್ತಿತ್ತು, ಒಂದು ಫ್ಲಾಪಿಯನ್ನು ಇನ್ನೊಂದಕ್ಕೆ ಇಳಿಸಿಕೊಂಡರೆ ನಕಲು ಮುಗಿಯಿತು. 1983ರಲ್ಲಿ ಬಂದ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಇತ್ತು. ಅದೇ ಹೊತ್ತಿಗೆ ಬಂದ, ಆ ಯಂತ್ರವನ್ನು ನಡೆಸುವ ಡಾಸ್ 2.0 ತಂತ್ರಾಂಶದಲ್ಲಿ ‘ಬ್ಯಾಕಪ್’ ಮತ್ತು ‘ರಿಸ್ಟೋರ್’ ಎಂಬ ಎರಡು ಕಮಾಂಡುಗಳು ಜೋಡಿಯಾಗಿ ಸೇರಿಕೊಂಡವು. ಆಗಿನ ಐದೂಕಾಲು ಇಂಚಿನ ಫ್ಲಾಪಿ ಹಿಡಿಯುತ್ತಿದ್ದುದು 360 ಕೆಬಿ. ಲೆಕ್ಕ ಹಾಕಿದರೆ, ತುಂಬಿದ ಒಂದು ಹಾರ್ಡ್ ಡಿಸ್ಕಿನ ನಕಲಿಗೆ 29 ಫ್ಲಾಪಿ ಬೇಕು. ತೆರೆಯ ಮೇಲೆ ‘ಮುಂದಿನ ಫ್ಲಾಪಿ ಹಾಕಿ’ ಎಂದು ಬಂದಾಗಲೆಲ್ಲ ಒಂದನ್ನು ತೆಗೆದು ಇನ್ನೊಂದನ್ನು ಹಾಕಬೇಕು, ಪ್ರತಿಯೊಂದರ ಮೇಲೂ ನಂಬರ್ ಬರೆಯಬೇಕು. ವಾಪಸ್ ಪಡೆಯುವಾಗ ಅದೇ ಕ್ರಮದಲ್ಲಿ ಹಾಕಬೇಕು. ಲೇಬಲ್ ಕಿತ್ತುಹೋಗಿದ್ದರೆ ಗ್ರಹಚಾರ.

ನಮ್ಮ ಕಡೆ ಕಂಪ್ಯೂಟರ್ ಮೊದಲು ಬಂದದ್ದು ಕಚೇರಿಗಳಿಗೆ, ಸಹಕಾರ ಸಂಘಗಳಿಗೆ, ಮುದ್ರಣಾಲಯಗಳಿಗೆ. ಮನೆಗಳಿಗೆ ಬಂದದ್ದು ತೊಂಬತ್ತರ ದಶಕದಲ್ಲಿ. ನಾನು ಕೆಲಸ ಕಲಿತ ಕಾಲಕ್ಕೆ ಮೂರೂವರೆ ಇಂಚಿನ ಗಟ್ಟಿ ಕವಚದ ಫ್ಲಾಪಿ ಬಳಕೆಯಲ್ಲಿತ್ತು, 1.44 ಎಂಬಿ. ಹತ್ತರ ಡಬ್ಬಿಯಲ್ಲಿ ಬರುತ್ತಿತ್ತು. ದೆಹಲಿಯ ಆಮ್ಕೆಟ್ ಎಲ್ಲರಿಗೂ ಗೊತ್ತಿದ್ದ ಹೆಸರು. ಮೋಸರ್ ಬೇರ್ ಎಂಬ ಇನ್ನೊಂದು ಭಾರತೀಯ ಕಂಪನಿ ಫ್ಲಾಪಿ ತಯಾರಿಸುತ್ತಿದ್ದು, ಮುಂದೆ ಸಿಡಿ ತಯಾರಿಕೆಯಲ್ಲಿ ಜಗತ್ತಿನ ದೊಡ್ಡ ಕಂಪನಿಗಳ ಸಾಲಿಗೆ ಸೇರಿತು.

ಮಲೆನಾಡಿನಲ್ಲಿ ಫ್ಲಾಪಿಗೆ ದೊಡ್ಡ ಶತ್ರು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟದ್ದೂ ಬೂಷ್ಟು ಹಿಡಿಯುತ್ತದೆ. ಹಳೆಯ ಫ್ಲಾಪಿ ಕೈಗೆ ಬಂದರೆ ಈಗಲೂ ನಾನು ನೇರವಾಗಿ ಡ್ರೈವಿಗೆ ಹಾಕುವುದಿಲ್ಲ. ಮೇಲಿನ ಲೋಹದ ಬಾಗಿಲನ್ನು ಹೆಬ್ಬೆರಳಿನಿಂದ ಸರಿಸಿ, ಹಿಂಬದಿಯ ನಡುವಿನ ಲೋಹದ ಬಿಲ್ಲೆಯನ್ನು ಮೆಲ್ಲಗೆ ತಿರುಗಿಸುತ್ತ ಒಳಗಿನ ಕಂದುಬಣ್ಣದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಬಿಳಿ ಚುಕ್ಕೆಗಳು ಕಂಡರೆ ಅದು ಫಂಗಸ್. ಹಾಗೇ ಹಾಕಿದರೆ ಆ ಪುಡಿ ಡ್ರೈವಿನ ಹೆಡ್ಡಿಗೆ ಮೆತ್ತಿಕೊಂಡು ಈ ಫ್ಲಾಪಿಯನ್ನೂ ಗೀರುತ್ತದೆ, ಆಮೇಲೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಿ, ಒಣಗಿದ ಮೇಲೆ ಹಾಕಬೇಕು. ಇಷ್ಟು ಮಾಡಿಯೂ ‘ಅಬಾರ್ಟ್, ರೀಟ್ರೈ, ಫೇಲ್’ ಎಂಬ ಸಾಲು ತೆರೆಗೆ ಬಂದರೆ ‘ರೀಟ್ರೈ’ಗೆ ಆರ್ ಒತ್ತುತ್ತ ಕೂರುವುದು. ಕೆಲವು ಸಲ ಏಳನೆಯದೋ ಎಂಟನೆಯದೋ ಪ್ರಯತ್ನಕ್ಕೆ ಓದಿಬಿಡುತ್ತಿತ್ತು. ಆ ಕ್ಷಣಕ್ಕೇ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬೇಕು, ಇನ್ನೊಮ್ಮೆ ಓದುತ್ತದೆ ಎಂಬ ಭರವಸೆ ಇರಲಿಲ್ಲ.

ಡಾಸ್‌ನ ಬ್ಯಾಕಪ್‌ಗೆ ಇನ್ನೊಂದು ತೊಡಕಿತ್ತು. ಒಂದು ಆವೃತ್ತಿಯ ಡಾಸ್‌ನಲ್ಲಿ ಮಾಡಿದ ನಕಲನ್ನು ಬೇರೆ ಆವೃತ್ತಿಯ ರಿಸ್ಟೋರ್ ಒಪ್ಪಿಕೊಳ್ಳುತ್ತದೆ ಎನ್ನುವಂತಿರಲಿಲ್ಲ. 1993ರ ಡಾಸ್ 6.0ರಲ್ಲಿ ಹಳೆಯ ಬ್ಯಾಕಪ್ ಕಮಾಂಡನ್ನೇ ತೆಗೆದು ‘ಎಂಎಸ್‌ಬ್ಯಾಕಪ್’ ಎಂಬ ಹೊಸ ಪ್ರೋಗ್ರಾಂ ಕೊಟ್ಟರು. ಹಳೆಯ ಫ್ಲಾಪಿ ಇಟ್ಟುಕೊಂಡವರು ಅನಾಥರಾಗಬಾರದೆಂದು ರಿಸ್ಟೋರ್ ಕಮಾಂಡನ್ನು ಮಾತ್ರ ಉಳಿಸಿಕೊಂಡರು. ಆ ನಿರ್ಧಾರ ಮಾಡಿದವರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಹೊಸ ಎಂಎಸ್‌ಬ್ಯಾಕಪ್ ತೆರೆದರೆ ಬ್ಯಾಕಪ್, ರಿಸ್ಟೋರ್, ಕಂಪೇರ್, ಕಾನ್ಫಿಗರ್ ಎಂಬ ಗುಂಡಿಗಳು ಕಾಣುತ್ತಿದ್ದವು. ಕಂಪೇರ್, ಅಂದರೆ ನಕಲನ್ನು ಮೂಲದ ಜೊತೆ ಹೋಲಿಸಿ ನೋಡುವ ಗುಂಡಿಯೇ ನಿಜವಾದ ಬೆಲೆಯುಳ್ಳದ್ದು. ಹೋಲಿಸುವುದು ಎಂದರೆ ಎಲ್ಲ ಫ್ಲಾಪಿಗಳನ್ನೂ ಮತ್ತೊಂದು ಸುತ್ತು ಹಾಕಬೇಕು. ನಾನು ಕಂಡ ಗಿರಾಕಿಗಳಲ್ಲಿ ಆ ಗುಂಡಿ ಒತ್ತಿದವರು ತೀರಾ ಕಡಿಮೆ.

ಅಂಗಡಿಗಳಲ್ಲಿ ಹೆಚ್ಚು ನಡೆಯುತ್ತಿದ್ದುದು ಎಆರ್‌ಜೆ. ರಾಬರ್ಟ್ ಜಂಗ್ ಎಂಬ ಅಮೆರಿಕದವರು ಬರೆದ ಈ ಪುಟ್ಟ ಪ್ರೋಗ್ರಾಂ ದೊಡ್ಡ ಫೈಲನ್ನು ಹಿಂಡಿ, ಒಂದೊಂದು ಫ್ಲಾಪಿಗೆ ಹಿಡಿಯುವಷ್ಟು ತುಂಡು ಮಾಡಿ ಕೊಡುತ್ತಿತ್ತು. ಬೆಂಗಳೂರಿನಿಂದ ಸಾಗರಕ್ಕೆ ಬಸ್ಸಿನಲ್ಲಿ ಪುಸ್ತಕಗಳ ಪುಟವಿನ್ಯಾಸ ಬರುತ್ತಿದ್ದುದು ಹೀಗೆ, ರಬ್ಬರ್ ಬ್ಯಾಂಡ್ ಹಾಕಿದ ಫ್ಲಾಪಿಗಳ ಕಟ್ಟಿನಲ್ಲಿ. ನಡುವಿನ ಒಂದು ಫ್ಲಾಪಿ ಕೈಕೊಟ್ಟರೆ ಅದರಲ್ಲಿ ಅರ್ಧ, ಪಕ್ಕದ ಫ್ಲಾಪಿಯಲ್ಲಿ ಅರ್ಧ ಇದ್ದ ಫೈಲು ಪೂರ್ತಿ ಹೋದಂತೆ. ಆದ್ದರಿಂದ ಬಲ್ಲವರು ಎರಡು ಸೆಟ್ ಮಾಡಿ, ಬೇರೆ ಬೇರೆ ಬಸ್ಸಿಗೆ ಕೊಡುತ್ತಿದ್ದರು.

ಸಾಮಾನ್ಯ ವ್ಯಾಪಾರಸ್ಥರಿಗೆ ಬ್ಯಾಕಪ್, ರಿಸ್ಟೋರ್ ಎಂಬ ಎರಡು ಮಾತು ಬಾಯಿಗೆ ಬಂದದ್ದು ಡಾಸ್‌ನಿಂದಲ್ಲ, ಟ್ಯಾಲಿಯಿಂದ. ಶ್ಯಾಮ್ ಸುಂದರ್ ಗೋಯಂಕಾ ಮತ್ತು ಅವರ ಮಗ ಭರತ್ ಗೋಯಂಕಾ 1986ರಲ್ಲಿ ಶುರುಮಾಡಿ, ಬೆಂಗಳೂರಿನಲ್ಲಿ ನೆಲೆಯೂರಿಸಿದ ಈ ಲೆಕ್ಕದ ತಂತ್ರಾಂಶದ ಮೆನುವಿನಲ್ಲೇ ಆ ಎರಡೂ ಪದಗಳು ಒಂದರ ಕೆಳಗೊಂದು ಇದ್ದವು. ಕಿರಾಣಿ ಅಂಗಡಿಯ ಲೆಕ್ಕ ಬರೆಯುವ ಹುಡುಗರು ಸಂಜೆ ಬಾಗಿಲು ಹಾಕುವ ಮುಂಚೆ ‘ಬ್ಯಾಕಪ್ ತಗೊಂಡು’ ಫ್ಲಾಪಿಯನ್ನು ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು. ತಮ್ಮ ಮನೆಗೆ ಕಂಪ್ಯೂಟರ್ ತಂದಾಗಲೂ ಅದೇ ಅಭ್ಯಾಸವನ್ನು ಜೊತೆಗೆ ತಂದರು. ನಮ್ಮ ತಾಲ್ಲೂಕಿನಲ್ಲಿ ಡಾಟಾವನ್ನು ಶಿಸ್ತಿನಿಂದ ಕಾಪಾಡಿಕೊಂಡವರು ಇಂಜಿನಿಯರುಗಳಿಗಿಂತ ಹೆಚ್ಚಾಗಿ ಈ ಲೆಕ್ಕದವರೇ. ಅವರಿಗೆ ಕಾಡಿದ ಆಪತ್ತು ಇನ್ನೊಂದು ಬಗೆಯದು. ಹಳೆಯ ಬ್ಯಾಕಪ್ಪನ್ನು ಹೊಸ ಲೆಕ್ಕದ ಮೇಲೆಯೇ ರಿಸ್ಟೋರ್ ಮಾಡಿದರೆ ನಡುವಿನ ದಿನಗಳ ನಮೂದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಅನುಭವಸ್ಥರು ಯಾವಾಗಲೂ ಬೇರೆ ಫೋಲ್ಡರಿಗೆ ರಿಸ್ಟೋರ್ ಮಾಡಿ, ನೋಡಿ, ಆಮೇಲೆ ಮುಂದುವರಿಯುತ್ತಾರೆ.

ಮನೆಗಳಲ್ಲಿ ಡಾಟಾದ ಭಯ ಮೊದಲು ಹುಟ್ಟಿದ್ದು 1999ರ ಏಪ್ರಿಲ್ 26ರಂದು ಎಂದು ನನ್ನ ಲೆಕ್ಕ. ತೈವಾನಿನ ಚೆನ್ ಇಂಗ್‌ಹಾವ್ ಎಂಬ ವಿದ್ಯಾರ್ಥಿ ಬರೆದ ಸಿಐಎಚ್ ವೈರಸ್ ಆ ದಿನ ಎಚ್ಚೆತ್ತಿತು. ಚೆರ್ನೋಬಿಲ್ ಅಣುದುರಂತದ ದಿನವೂ ಅದೇ ಆದ್ದರಿಂದ ಅದನ್ನು ಚೆರ್ನೋಬಿಲ್ ವೈರಸ್ ಎಂದೂ ಕರೆದರು. ಕಳ್ಳ ಪ್ರತಿಯ ಸಿಡಿಗಳ ಮೂಲಕ ಏಷ್ಯಾದ ಊರೂರಿಗೂ ಅದು ಹೊಕ್ಕಿತ್ತು. ಮಾಡುತ್ತಿದ್ದುದು ಎರಡು ಕೆಲಸ. ಕೆಲವು ಮದರ್‌ಬೋರ್ಡುಗಳ ಬಯಾಸ್ ಚಿಪ್ಪಿನಲ್ಲಿದ್ದುದನ್ನು ಅಳಿಸುವುದು, ಹಾರ್ಡ್ ಡಿಸ್ಕಿನ ಮೊದಲ ಒಂದು ಎಂಬಿಯಷ್ಟು ಜಾಗವನ್ನು ಹಾಳುಗೆಡವುವುದು. ಡಿಸ್ಕಿನ ನಕ್ಷೆ ಇರುವುದೇ ಆ ಜಾಗದಲ್ಲಿ. ಆದ್ದರಿಂದ ಯಂತ್ರ ಹಚ್ಚಿದರೆ ಡಿಸ್ಕ್ ಖಾಲಿ ಎನ್ನುವಂತೆ ಕಾಣುತ್ತಿತ್ತು.

ಆಗಲೇ ನಮಗೆ ಫ್ಯಾಟ್ ವ್ಯವಸ್ಥೆಯ ಗುಣ ಗೊತ್ತಾದದ್ದು. ಯಾವ ಫೈಲು ಡಿಸ್ಕಿನ ಯಾವ ಭಾಗದಲ್ಲಿದೆ ಎಂದು ಬರೆದಿಡುವ ಕೋಷ್ಟಕವನ್ನು ಫ್ಯಾಟ್ ಒಂದರ ಹಿಂದೆ ಒಂದರಂತೆ ಎರಡು ಸಲ ಬರೆಯುತ್ತದೆ. ದೊಡ್ಡ ಡಿಸ್ಕುಗಳಲ್ಲಿ ಮೊದಲ ಕೋಷ್ಟಕವೇ ಒಂದು ಎಂಬಿಗಿಂತ ಉದ್ದ. ವೈರಸ್ ಮೊದಲನೆಯದನ್ನು ತಿಂದು ನಿಲ್ಲುವಷ್ಟರಲ್ಲಿ ಎರಡನೆಯದು ಹಾಗೇ ಉಳಿದಿರುತ್ತಿತ್ತು. ಅಮೆರಿಕದ ಸ್ಟೀವ್ ಗಿಬ್ಸನ್ ಈ ಸೂಕ್ಷ್ಮ ಹಿಡಿದು ಒಂದು ಚಿಕ್ಕ ಪ್ರೋಗ್ರಾಂ ಬರೆದು ಪುಕ್ಕಟೆ ಹಂಚಿದರು. ಎರಡನೇ ಕೋಷ್ಟಕದಿಂದ ಮೊದಲನೆಯದನ್ನು ಮತ್ತೆ ಕಟ್ಟುವ ಪ್ರೋಗ್ರಾಂ ಅದು. ಸತ್ತಿದೆ ಎಂದುಕೊಂಡ ಡಿಸ್ಕಿನಿಂದ ಫೋಲ್ಡರುಗಳ ಸಾಲು ಮತ್ತೆ ಕಂಡಾಗ ಆಗುವ ಸಂತೋಷ ನಮ್ಮ ಕಸುಬಿನ ದೊಡ್ಡ ಸಂಪಾದನೆ.

ಸಿಐಎಚ್‌ನ ನಂತರ ಒಂದು ನಂಬಿಕೆ ಬೇರೂರಿತು. ಹಾರ್ಡ್ ಡಿಸ್ಕನ್ನು ಸಿ ಮತ್ತು ಡಿ ಎಂದು ಪಾಲು ಮಾಡುವುದು, ವಿಂಡೋಸ್ ಸಿಯಲ್ಲಿ, ಡಾಟಾ ಡಿಯಲ್ಲಿ. ಅಸೆಂಬಲ್ ಮಾಡಿ ಕೊಡುವವರೆಲ್ಲ ಹೀಗೇ ಕೊಡುತ್ತಿದ್ದರು, ನಾನೂ ಹಾಗೇ ಕೊಡುತ್ತಿದ್ದೆ. ವಿಂಡೋಸ್ ಕೆಟ್ಟರೆ ಸಿಗೆ ಮಾತ್ರ ಫಾರ್ಮ್ಯಾಟ್ ಹೊಡೆದರಾಯಿತು, ಡಿಯಲ್ಲಿದ್ದದ್ದು ಉಳಿಯುತ್ತದೆ. ಅಷ್ಟರಮಟ್ಟಿಗೆ ಇದು ಒಳ್ಳೆಯ ಏರ್ಪಾಡು. ಆದರೆ ಎರಡೂ ಪಾಲು ಇರುವುದು ಒಂದೇ ಡಿಸ್ಕಿನಲ್ಲಿ. ಡಿಸ್ಕೇ ಹೋದರೆ ಎರಡೂ ಹೋಯಿತು. ಸಿಡಿಲು ಬಡಿದು, ಯಂತ್ರಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್ ಸುಟ್ಟ ಮನೆಗಳಲ್ಲಿ ‘ಡಿ ಡ್ರೈವಿನಲ್ಲಿ ಇಟ್ಟಿದ್ದೆವಲ್ಲ’ ಎಂಬ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ.

ಅಷ್ಟು ಹೊತ್ತಿಗೆ ಹಾರ್ಡ್ ಡಿಸ್ಕುಗಳು ಫ್ಲಾಪಿಯ ಅಳತೆ ಮೀರಿ ಬೆಳೆದಿದ್ದವು. 4.3 ಜಿಬಿಯ ಡಿಸ್ಕಿಗೆ ಸುಮಾರು 3000 ಫ್ಲಾಪಿ ಬೇಕು. ಸಿಡಿ ರೈಟರ್ ಅಗ್ಗವಾದಾಗ ಜನ ನಿಟ್ಟುಸಿರು ಬಿಟ್ಟರು, 700 ಎಂಬಿ ಒಂದೇ ತಟ್ಟೆಯಲ್ಲಿ. ಮದುವೆ ವಿಡಿಯೊದವರು, ಫೋಟೊ ಸ್ಟುಡಿಯೊದವರು ಸಿಡಿ ಬರೆದು ಕೊಡತೊಡಗಿದರು. ಒಮ್ಮೆ ಬರೆದರೆ ನೂರು ವರ್ಷ ಎಂದು ಡಬ್ಬಿಯ ಮೇಲೆ ಅಚ್ಚಾಗಿರುತ್ತಿತ್ತು. ಮಲೆನಾಡಿನ ಕಪಾಟಿನಲ್ಲಿ ಹತ್ತು ವರ್ಷ ತಡೆದದ್ದೇ ಹೆಚ್ಚು.

ಕಾರಣ ಸಿಡಿಯ ರಚನೆಯಲ್ಲೇ ಇದೆ. ನಾವು ಬರೆಯುವ ಸಿಡಿಯಲ್ಲಿ ಮಾಹಿತಿ ಮೂಡುವುದು ಒಂದು ಬಣ್ಣದ ಪದರದ ಮೇಲೆ. ಹೊಳೆಯುವ ಕೆಳಬದಿಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಆದರೆ ಆ ಪದರ ಇರುವುದು ಮೇಲ್ಬದಿಯಲ್ಲಿ, ಲೇಬಲ್ಲಿನ ಅಡಿಯ ತೆಳ್ಳನೆಯ ಅರಗಿನ ಕೆಳಗೆ. ಕೆಳಬದಿಯ ಗೀರನ್ನು ಉಜ್ಜಿ ಸರಿಮಾಡಬಹುದು, ಮೇಲ್ಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಲ್ಲಿದ್ದದ್ದು ಶಾಶ್ವತವಾಗಿ ಹೋಗುತ್ತದೆ. ಅಂಟಿಸಿದ ಸ್ಟಿಕ್ಕರ್ ಕೀಳಲು ಹೋದರೆ ಪದರವೇ ಅದರ ಜೊತೆ ಎದ್ದು ಬರುತ್ತದೆ. ಬಿಸಿಲಿಗೆ ಬಣ್ಣ ಮಾಸುತ್ತದೆ, ತೇವಕ್ಕೆ ಅಂಚು ಬಿಡುತ್ತದೆ. ಮಧ್ಯ ಅಮೆರಿಕದ ಬೆಲೀಜ್‌ನಿಂದ ತಂದ ಒಂದು ಸಿಡಿಯ ಪದರವನ್ನು ಫಂಗಸ್ ತಿಂದುಹಾಕಿದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದರು. ನಮ್ಮ ಹವೆಯೂ ಅಂಥದ್ದೇ.

ಇನ್ನು ಕನ್ನಡಿಗರು ಹತ್ತಬೇಕಾದ ಆ ಹೆಚ್ಚಿನ ಮೆಟ್ಟಿಲಿನ ವಿಷಯ.

ಹತ್ತಿರದ ಹಳ್ಳಿಯ ಒಬ್ಬ ನಿವೃತ್ತ ಮೇಷ್ಟ್ರು ತಾವು ಬರೆದ ಯಕ್ಷಗಾನ ಪ್ರಸಂಗಗಳನ್ನು ಮಗನ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ, ಡಿ ಡ್ರೈವಿನಲ್ಲೂ ಸಿಡಿಯಲ್ಲೂ ಇಟ್ಟುಕೊಂಡಿದ್ದರು. ಯಾವ ತಜ್ಞ ಹೇಳಿದರೂ ಇಷ್ಟೇ ಹೇಳಬೇಕು. ವಿಂಡೋಸ್ ಕೆಟ್ಟಿತು, ಊರಿಗೆ ಬಂದಿದ್ದ ನೆಂಟರ ಹುಡುಗ ಸಿಗೆ ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿಕೊಟ್ಟ. ಫೈಲುಗಳೆಲ್ಲ ಡಿಯಲ್ಲಿ ಹಾಗೇ ಇದ್ದವು. ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯಂತ್ರವನ್ನು ಅಂಗಡಿಗೆ ತಂದವರು ಕುರ್ಚಿಯ ಅಂಚಿನಲ್ಲಿ ಕುಳಿತು ಕೇಳಿದರು: ‘ಅಲ್ಲ ಮಾರಾಯ, ಫೈಲು ಇದೆ ಅಂತೀಯ, ಅಕ್ಷರ ಎಲ್ಲಿಗೆ ಹೋಯ್ತು?’

‘ಅಕ್ಷರ ಸಿ ಡ್ರೈವಿನಲ್ಲಿತ್ತು ಮೇಷ್ಟ್ರೇ’ ಎಂದೆ. ಮಾತಿಗೆ ಹೇಳಿದ್ದಲ್ಲ, ನಿಜವಾಗಿ ಆದದ್ದೇ ಅದು.

ಪ್ರತಿ ಲಿಪಿಗೂ ಸ್ವಂತ ಸಂಕೇತಗಳನ್ನು ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ತಂತ್ರಾಂಶಗಳು ಇಂಗ್ಲಿಷಿನ ಅಕ್ಷರ ಸಂಕೇತಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿಕೊಂಡು ಕೆಲಸ ನಡೆಸಿದವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಬಂತು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಮುದ್ರಣಾಲಯಗಳಲ್ಲಿ ನೆಲೆನಿಂತಿತ್ತು. ಇವು ಇಲ್ಲದಿದ್ದರೆ ನಮ್ಮ ಮನೆಗಳ ಕಂಪ್ಯೂಟರಿಗೆ ಕನ್ನಡ ಬರುವುದೇ ತಡವಾಗುತ್ತಿತ್ತು. ಆದರೆ ನುಡಿಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಫೈಲಿನೊಳಗೆ ದಾಖಲಾಗುವುದು ಏಳು ಚಿಹ್ನೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿರುವ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೊಮ್ಮೆ ಗೀಟಿರುವ ಎ. ಇದನ್ನು ತೆರೆಯ ಮೇಲೆ ಕನ್ನಡವಾಗಿ ತೋರಿಸುವುದು ಫಾಂಟ್. ಫಾಂಟ್ ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ಫಾರ್ಮ್ಯಾಟ್ ಹೊಡೆದಾಗ ಹೋದದ್ದು ಅದೇ. ಪ್ರಸಂಗವನ್ನು ಸಿಡಿಗೆ ಬರೆಯಿಸಿದವರು ಫಾಂಟನ್ನು ಬರೆಯಿಸಿರಲಿಲ್ಲ, ಬರೆಯಿಸಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರ ಪ್ರಸಂಗಗಳು ನುಡಿಯವು. ಫಾಂಟ್ ಹಾಕಿದ ಕೂಡಲೇ ಪದ್ಯಗಳು ತೆರೆಯ ಮೇಲೆ ಬಂದವು. ಅವರು ಮೊದಲ ಸಾಲನ್ನು ರಾಗವಾಗಿಯೇ ಓದಿದರು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಇನ್ನೊಂದು ಯಂತ್ರಕ್ಕೆ, ಫೋನಿಗೆ ಒಯ್ದರೆ ಮತ್ತದೇ ಕಥೆ. ಆದ್ದರಿಂದ ಎಲ್ಲವನ್ನೂ ಯುನಿಕೋಡ್‌ಗೆ ಬದಲಾಯಿಸಲು ಕುಳಿತೆವು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನ ಜೊತೆಗೇ ಬಂತು. ಆದರೂ ಮನೆಗಳಲ್ಲಿ, ಅಂಗಡಿಗಳಲ್ಲಿ ಹಳೆಯ ಪದ್ಧತಿ ಇನ್ನೂ ಬಹಳ ಕಾಲ ಮುಂದುವರಿಯಿತು, ಪುಟವಿನ್ಯಾಸದ ಹಳೆಯ ತಂತ್ರಾಂಶಗಳಿಗೆ ಯುನಿಕೋಡ್ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ.

ಪರಿವರ್ತಕ ಪ್ರೋಗ್ರಾಂಗಳು ಸಿಗುತ್ತವೆ. ಕನ್ನಡದ ಸ್ವಯಂಸೇವಕರು ಬರೆದು ಉಚಿತವಾಗಿ ಕೊಟ್ಟ ಈ ಪ್ರೋಗ್ರಾಂಗಳು ಎಷ್ಟು ಬರವಣಿಗೆಯನ್ನು ಉಳಿಸಿವೆ ಎಂಬುದಕ್ಕೆ ಲೆಕ್ಕವಿಲ್ಲ. ಹಾಗೆಂದು ಗುಂಡಿ ಒತ್ತಿ ಎದ್ದುಹೋಗುವಂತಿಲ್ಲ. ‘ಸೂರ್ಯ’ ಎಂಬ ಪದ ನೋಡಿ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಯಕಾರದ ನಂತರ ದಾಖಲಾಗಿರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು. ಪ್ರೋಗ್ರಾಂ ಅದನ್ನು ಹಿಂದಕ್ಕೆ ಒಯ್ದು ಕೂರಿಸಬೇಕು, ಒತ್ತಕ್ಷರ ಹೆಚ್ಚಿದ್ದಲ್ಲಿ ಕೆಲವೊಮ್ಮೆ ತಪ್ಪುತ್ತದೆ. ನಡುವೆ ಇಂಗ್ಲಿಷ್ ಪದವೋ ಇಸವಿಯ ಜೊತೆಗಿನ ಅಕ್ಷರವೋ ಇದ್ದರೆ ಅದನ್ನೂ ಕನ್ನಡವೆಂದು ತಿಳಿದು ಕಲಸಿಬಿಡುತ್ತದೆ. ಶ್ರೀಲಿಪಿಯ ಸಂಕೇತಗಳೇ ಬೇರೆ, ಅದಕ್ಕೆ ಬೇರೆ ಪರಿವರ್ತಕ. ಮೇಷ್ಟ್ರು ನನ್ನ ಪಕ್ಕ ಕುಳಿತು ಪದ್ಯ ಪದ್ಯವನ್ನೂ ಓದಿ ತಿದ್ದಿಸಿದರು. ಬರೆದವರೇ ಕಣ್ಣೆದುರು ಇದ್ದದ್ದರಿಂದ ಅದು ಸಾಧ್ಯವಾಯಿತು.

ಮನೆಯಲ್ಲಿದ್ದ ಒಂದು ಪ್ರತಿ ಎಷ್ಟು ಬೆಲೆ ಬಾಳಬಹುದು ಎನ್ನುವುದಕ್ಕೆ ಜಗತ್ತಿಗೆ ಗೊತ್ತಿರುವ ನಿದರ್ಶನ ಅಮೆರಿಕದ ಪಿಕ್ಸಾರ್ ಸ್ಟುಡಿಯೊದ್ದು. 1998ರಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ ತಪ್ಪಾಗಿ ಕೊಟ್ಟ ಒಂದು ಅಳಿಸುವ ಕಮಾಂಡ್‌ನಿಂದ ಚಿತ್ರದ ಫೈಲುಗಳು ಮಾಯವಾಗತೊಡಗಿದವು. ಬ್ಯಾಕಪ್ ಇದೆಯಲ್ಲ ಎಂದು ಧೈರ್ಯವಾಗಿ ಅತ್ತ ಹೋದರೆ ಅದು ಸರಿಯಾಗಿ ದಾಖಲಾಗಿಯೇ ಇರಲಿಲ್ಲ. ದಿನವೂ ಬ್ಯಾಕಪ್ ನಡೆಯುತ್ತಿದೆ ಎಂದು ಎಲ್ಲರೂ ನಂಬಿದ್ದರು, ವಾಪಸ್ ತೆಗೆದು ನೋಡಿದವರಿಲ್ಲ. ಕೊನೆಗೆ ಚಿತ್ರವನ್ನು ಉಳಿಸಿದ್ದು ಗಾಲಿನ್ ಸಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಮನೆಯ ಕಂಪ್ಯೂಟರ್. ಹಸುಗೂಸಿನ ತಾಯಿಯಾಗಿದ್ದ ಅವರು ಮನೆಯಿಂದಲೇ ಕೆಲಸ ಮಾಡಲು ಚಿತ್ರದ ಪ್ರತಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಸ್ಟುಡಿಯೊಗೆ ತಂದರು. ಅಷ್ಟು ದೊಡ್ಡ ಸಂಸ್ಥೆಗೆ ಆದದ್ದು ನಮ್ಮ ಮನೆಗಳಿಗೂ ಆಗುತ್ತಿರುತ್ತದೆ, ಸುದ್ದಿಯಾಗುವುದಿಲ್ಲ ಅಷ್ಟೆ.

ಆಮೇಲಿನ ವರ್ಷಗಳು ವೇಗವಾಗಿ ಉರುಳಿದವು. ಪೆನ್ ಡ್ರೈವ್ ಬಂತು, ಫ್ಲಾಪಿಯನ್ನು ಮೂಲೆಗೆ ತಳ್ಳಿತು. ಸೋನಿ 2011ರಲ್ಲಿ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಸಿಡಿಯ ಕಾಲವೂ ಮುಗಿಯಿತು, ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚಿತು. ಎಕ್ಸ್‌ಪಿಯ ಎನ್‌ಟಿಬ್ಯಾಕಪ್‌ನಲ್ಲಿ ನಕಲು ಇಟ್ಟವರು ವಿಂಡೋಸ್ ವಿಸ್ತಾಕ್ಕೆ ಹೋದಾಗ ಆ ಪ್ರೋಗ್ರಾಂ ಅಲ್ಲಿರಲಿಲ್ಲ, ಹಳೆಯ ನಕಲು ತೆರೆಯಲೆಂದೇ ಮೈಕ್ರೋಸಾಫ್ಟ್ ಬೇರೆಯಾಗಿ ಕೊಟ್ಟ ಸಲಕರಣೆ ಹುಡುಕಿಕೊಳ್ಳಬೇಕಾಯಿತು. ಡಾಸ್ ಕಾಲದ ಪಾಠವನ್ನೇ ಜನ ಇನ್ನೊಮ್ಮೆ ಕಲಿಯಬೇಕಾಯಿತು.

2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂದಾಗ ‘ರ‍್ಯಾನ್ಸಮ್‌ವೇರ್’ ಎಂಬ ಮಾತು ಪತ್ರಿಕೆಗಳ ಮುಖಪುಟಕ್ಕೆ ಬಂತು. ಈ ಜಾತಿಯ ವೈರಸ್ ಫೈಲುಗಳನ್ನು ಅಳಿಸುವುದಿಲ್ಲ, ಬೀಗ ಹಾಕಿ ಹಣ ಕೇಳುತ್ತದೆ. ಯಂತ್ರಕ್ಕೆ ಸದಾ ಚುಚ್ಚಿಕೊಂಡೇ ಇರುವ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿರುವ ನಕಲಿಗೂ ಬೀಗ ಬೀಳುತ್ತದೆ. ನಕಲು ಮಾಡಿ ಕಳಚಿ ಬೀರುವಿನಲ್ಲಿಟ್ಟವರು ಮಾತ್ರ ಪಾರಾಗುತ್ತಾರೆ. ಈ ನಡುವೆ ಹಾರ್ಡ್ ಡಿಸ್ಕಿನ ಜಾಗಕ್ಕೆ, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಬಂದಿದೆ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಟಿಕ್ ಟಿಕ್ ಎಂದು ಸದ್ದು ಮಾಡಿ ಸೂಚನೆ ಕೊಡುತ್ತಿತ್ತು, ಎಸ್‌ಎಸ್‌ಡಿ ಸದ್ದಿಲ್ಲದೆ ನಿಲ್ಲುತ್ತದೆ. ಅದರಲ್ಲಿ ಅಳಿಸಿದ ಫೈಲನ್ನು ಮರಳಿ ಎತ್ತುವುದೂ ಬಹುತೇಕ ಆಗದ ಮಾತು, ಖಾಲಿ ಜಾಗವನ್ನು ಅದು ತಾನೇ ಒರೆಸಿಟ್ಟುಕೊಳ್ಳುತ್ತದೆ. ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ 48 ಅಂಕಿಗಳ ಕೀ ಬೇಕು. ಅದು ಸಾಮಾನ್ಯವಾಗಿ ಯಜಮಾನರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಜಮಾನರು ತೀರಿಕೊಂಡು, ಖಾತೆಯ ಪಾಸ್‌ವರ್ಡ್ ಮನೆಯವರಿಗೆ ಗೊತ್ತಿಲ್ಲದಿದ್ದರೆ, ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ನನ್ನಂಥವನ ಕೈಯಲ್ಲಿ ಏನೂ ಆಗುವುದಿಲ್ಲ. ಈಚೆಗೆ ನನ್ನ ಅಂಗಡಿಯಲ್ಲಿ ಅತಿ ಕಷ್ಟದ ಮಾತುಕತೆ ಇದೇ.

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಹೇಳಿ ಪ್ರಚಾರಕ್ಕೆ ತಂದ 3-2-1 ಸೂತ್ರ ಈಗ ಎಲ್ಲರಿಗೂ ಗೊತ್ತು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ನಾನೂ ಗಿರಾಕಿಗಳಿಗೆ ಅದನ್ನೇ ಹೇಳುತ್ತೇನೆ. ಒಂದು ಪ್ರತಿ ಯಂತ್ರದಲ್ಲಿ, ಒಂದು ಕಳಚಿಟ್ಟ ಡಿಸ್ಕಿನಲ್ಲಿ, ಒಂದು ಬೆಂಗಳೂರಿನಲ್ಲಿರುವ ಮಗನ ಮನೆಯಲ್ಲೋ ಕ್ಲೌಡಿನಲ್ಲೋ. ಅದರ ಜೊತೆಗೆ ಇನ್ನೊಂದು ಮಾತು ಸೇರಿಸುತ್ತೇನೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಆ ನಕಲನ್ನು ಬೇರೆ ಯಂತ್ರಕ್ಕೆ ಹಾಕಿ ತೆರೆದು ನೋಡಿ. ಫೋಟೊ ಕಾಣುತ್ತದೆಯೇ, ಲೆಕ್ಕ ಕೂಡುತ್ತದೆಯೇ, ಕನ್ನಡ ಕನ್ನಡವಾಗಿಯೇ ಓದಲು ಬರುತ್ತದೆಯೇ ನೋಡಿ. ಹಾಗೆ ತೆರೆದು ನೋಡುವವರೆಗೆ ಅದನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ನಮ್ಮ ಊರುಗಳಲ್ಲಿ ಬರೆದವರು ಬಹಳ ಮಂದಿ ಇದ್ದಾರೆ. ತೊಂಬತ್ತರ ದಶಕದ ಕೊನೆಯಿಂದ ಒಂದು ಇಪ್ಪತ್ತು ವರ್ಷ ಅವರ ಪ್ರಸಂಗಗಳು, ವಂಶಾವಳಿಗಳು, ದೇವಸ್ಥಾನದ ಇತಿಹಾಸಗಳು, ಹವ್ಯಾಸಿ ನಾಟಕಗಳು, ಆತ್ಮಕಥೆಗಳು ನುಡಿಯಲ್ಲಿ, ಬರಹದಲ್ಲಿ, ಶ್ರೀಲಿಪಿಯಲ್ಲಿ ಟೈಪಾದವು. ಅಚ್ಚಾದವು ಸ್ವಲ್ಪ, ಅಚ್ಚಾಗದೆ ಡಿಟಿಪಿ ಅಂಗಡಿಯ, ಮನೆಯ ಹಳೆಯ ಡಿಸ್ಕುಗಳಲ್ಲಿ ಉಳಿದವು ಬಹಳ. ಆ ಡಿಸ್ಕುಗಳು ಇನ್ನೂ ತಿರುಗುತ್ತವೆ. ಪರಿವರ್ತಕಗಳು ಸಿಗುತ್ತವೆ. ಯಾವ ಫೈಲು ಯಾವ ಫಾಂಟಿನದು ಎಂದು ನೋಡಿದ ಕೂಡಲೇ ಹೇಳುವ ಡಿಟಿಪಿಯವರು ಇನ್ನೂ ಕೆಲಸದಲ್ಲಿದ್ದಾರೆ. ಬರೆದವರಲ್ಲಿ ಹಲವರು ಪಕ್ಕದಲ್ಲಿ ಕುಳಿತು ತಪ್ಪು ತಿದ್ದಿಸುವಷ್ಟು ಗಟ್ಟಿಯಾಗಿದ್ದಾರೆ. ಈ ನಾಲ್ಕೂ ಒಟ್ಟಿಗೆ ಇರುವ ಕಾಲ ಹೆಚ್ಚು ದಿನ ಇರುವುದಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕುವ ಮುಂಚೆ ಅದರ ಹಾರ್ಡ್ ಡಿಸ್ಕ್ ಬಿಚ್ಚಿಸಿ, ಹತ್ತಿರದ ಅಂಗಡಿಗೆ ಕೊಂಡುಹೋಗಿ. ಅದರಲ್ಲಿ ಕನ್ನಡದ ಫೈಲುಗಳಿದ್ದರೆ ಮೊದಲು ಯುನಿಕೋಡ್‌ಗೆ ತರಿಸಿ, ಬರೆದವರಿಗೆ ಓದಿಸಿ, ಆಮೇಲೆ ಮೂರು ಪ್ರತಿ ಮಾಡಿ.